ಡಿಕ್ರಿ ಕೈಗೆ ಬಂದ ಮೇಲೆ

“ಗೆದ್ದವನು ಸೋತ, ಸೋತವನು ಸತ್ತ” ಎಂಬ ಗಾದೆಯನ್ನು ಕೋರ್ಟಿನ ಮೆಟ್ಟಿಲು ಹತ್ತಿ ಇಳಿದವರೇ ಕಟ್ಟಿರಬೇಕು. ಸೋತವನ ಪಾಡು ಯಾರಿಗಾದರೂ ಅರ್ಥವಾಗುತ್ತದೆ. ಗೆದ್ದವನು ಸೋಲುವುದು ಹೇಗೆ ಎಂಬುದು ಮಾತ್ರ ಒಗಟಿನಂತೆ ತೋರುತ್ತದೆ. ವಿವಾಹ ವಿಚ್ಛೇದನದ ಡಿಕ್ರಿ ಪಡೆದು ತವರಿಗೆ ಹಿಂದಿರುಗಿದ ಹೆಣ್ಣುಮಕ್ಕಳನ್ನು ಕೇಳಿದರೆ ಆ ಒಗಟಿಗೆ ಉತ್ತರ ಒಡನೆಯೇ ದೊರೆಯುತ್ತದೆ.

ಮಲೆನಾಡಿನ ಒಂದು ಜಿಲ್ಲಾ ಕೇಂದ್ರದಲ್ಲಿರುವ ಅಂಥ ಒಬ್ಬ ಹೆಣ್ಣುಮಗಳನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಆಕೆಗೆ ಹೆಸರಿಡಬೇಕಾದ ಅಗತ್ಯವಿಲ್ಲ. ಯಾವ ಊರಿನಲ್ಲಿ ಹುಡುಕಿದರೂ ಆಕೆಯಂಥವರು ಸಿಕ್ಕಿಯೇ ಸಿಕ್ಕುತ್ತಾರೆ. ನಾಲ್ಕು ವರ್ಷ ಅಲೆದ ಮೇಲೆ ಆಕೆಗೆ ಡಿಕ್ರಿಯಾಯಿತು. ತಿಂಗಳಿಗೆ ಆಕೆಗೆ 12,000 ರೂಪಾಯಿ, ಮಗನಿಗೆ 8,000 ರೂಪಾಯಿ ಜೀವನಾಂಶ. ಮದುವೆಯಲ್ಲಿ ತವರಿನವರು ಹಾಕಿದ ಒಡವೆಗಳನ್ನು ಹಿಂದಿರುಗಿಸತಕ್ಕದ್ದು. ಮಗು ತಾಯಿಯ ಬಳಿ ಬೆಳೆಯತಕ್ಕದ್ದು, ತಂದೆ ತಿಂಗಳಿಗೆ ಎರಡು ಭಾನುವಾರ ಬಂದು ಮಗುವನ್ನು ನೋಡಬಹುದು. ಇಷ್ಟೂ ಸ್ಪಷ್ಟವಾಗಿ ಅಚ್ಚಾಗಿ, ಕೋರ್ಟಿನ ಮುದ್ರೆಯೊಡನೆ ಕೈಗೆ ಬಂದಿತು. ಮನೆಯವರು ದೇವರಿಗೆ ತುಪ್ಪದ ದೀಪ ಹಚ್ಚಿದರು. ಡಿಕ್ರಿಯ ನಕಲು ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಭದ್ರವಾಗಿ ಮಲಗಿತು.

ಆರು ತಿಂಗಳು ಹಣ ಬಂದಿತು. ಏಳನೆಯ ತಿಂಗಳು ಅರ್ಧ ಬಂದಿತು. ಆಮೇಲೆ ಏನೂ ಬರಲಿಲ್ಲ. ಒಡವೆಗಳಂತೂ ಮೊದಲಿನಿಂದಲೂ ಬಂದಿರಲಿಲ್ಲ. ಆತ ಬೆಂಗಳೂರಿಗೆ ಕೆಲಸ ಬದಲಾಯಿಸಿಕೊಂಡನೆಂದು ಯಾರೋ ಹೇಳಿದರು. ಫೋನು ಮಾಡಿದರೆ, “ಮೇಲಿನ ಕೋರ್ಟಿಗೆ ಹೋಗಿದ್ದೇನೆ, ಅಲ್ಲಿ ತೀರ್ಮಾನವಾಗಲಿ” ಎಂಬ ಉತ್ತರ. ಆಕೆಯೂ ಸಿಟ್ಟಿನಿಂದ, “ಹಣ ಕೊಡದವನಿಗೆ ಮಗುವಿನ ಮುಖವೇಕೆ?” ಎಂದು ಭಾನುವಾರದ ಭೇಟಿಯನ್ನು ನಿಲ್ಲಿಸಿಬಿಟ್ಟಳು. ಹೀಗೆ ಹದಿನಾಲ್ಕು ತಿಂಗಳು ಉರುಳಿದವು. ಶಾಲೆಯ ಶುಲ್ಕಕ್ಕೆ ಗಡುವು ಬಂದಾಗ ಟ್ರಂಕಿನ ಕಾಗದ ಮತ್ತೆ ನೆನಪಾಯಿತು.

ಊರಿನ ಹಿರಿಯ ವಕೀಲರೊಬ್ಬರ ಮನೆಯ ಜಗಲಿಯಲ್ಲಿ ಆಕೆ ತಂದೆಯೊಡನೆ ಹೋಗಿ ಕುಳಿತಾಗ ಅವರು ಕೇಳುವ ಮೊದಲ ಪ್ರಶ್ನೆ ಇದು: “ಡಿಕ್ರಿಯಾದ ಮೇಲೆ ಏನು ಮಾಡಿದಿರಮ್ಮ?”

“ಏನೂ ಮಾಡಲಿಲ್ಲ ಸ್ವಾಮಿ. ಕೋರ್ಟೇ ಹೇಳಿದೆಯಲ್ಲ, ಕೊಡಬೇಕೆಂದು?”

“ಕೋರ್ಟು ಹೇಳುತ್ತದೆ ತಾಯಿ, ಹೇಳಿದ್ದು ನಡೆಯುವಂತೆ ಮಾಡಿ ಎಂದು ಹೋಗಿ ಕೇಳಬೇಕಾದವರು ನೀವು.”

ಇಡೀ ವಿಷಯದ ತಿರುಳು ಈ ಒಂದು ಮಾತಿನಲ್ಲಿದೆ. ಡಿಕ್ರಿ ಎಂಬುದು ಹಣವಲ್ಲ, ಹಣ ಪಡೆಯುವ ಹಕ್ಕು. ಆ ಹಕ್ಕು ತಾನಾಗಿ ನಡೆದು ಬರುವುದಿಲ್ಲ. ಅದನ್ನು ನಡೆಸಿ ತರಬೇಕು. ಭಾರತದಲ್ಲಿ ವ್ಯಾಜ್ಯಗಾರನ ಕಷ್ಟಗಳು ಆರಂಭವಾಗುವುದೇ ಅವನಿಗೆ ಡಿಕ್ರಿ ದೊರೆತ ಮೇಲೆ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲು 1872ರಷ್ಟು ಹಿಂದೆಯೇ ನಿಟ್ಟುಸಿರು ಬಿಟ್ಟಿತ್ತು. ಒಂದೂವರೆ ಶತಮಾನ ಕಳೆದರೂ ಆ ಮಾತು ಹಳತಾಗಿಲ್ಲ.

ಹಿಂದಿನ ಕಥೆ

ಕನ್ನಡ ನಾಡಿನ ಹಿಂದೂ ಕುಟುಂಬಗಳಿಗೆ ವಿಚ್ಛೇದನದ ಕಾನೂನು ಬಂದುದು ಒಂದೇ ದಿನದಲ್ಲಿ ಅಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಹೆಂಗಸರ ಆಸ್ತಿ, ಜೀವನಾಂಶ ಮುಂತಾದವುಗಳಿಗೆ ಒಂದು ನೆಲೆ ಕಲ್ಪಿಸಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕಡೆಗೆ 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯಿದೆ ಬಂದಿತು. ಮದರಾಸಿಗೆ ಸೇರಿದ್ದ ಮಂಗಳೂರು, ಬಳ್ಳಾರಿಗಳಿಗೆ 1949ರ ಮದರಾಸು ಕಾಯಿದೆ ಬಂದಿತು. 1955ರ ಮೇ 18ರಂದು ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದ ಮೇಲೆಯೇ ಈ ಭಾಗಗಳೆಲ್ಲಕ್ಕೂ ಒಂದೇ ನಿಯಮವಾದದ್ದು. ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವ ಅವಕಾಶ 1976ರ ತಿದ್ದುಪಡಿಯಿಂದ ಬಂದಿತು.

ಅದೇ 1976ರ ತಿದ್ದುಪಡಿ 28-ಎ ಎಂಬ ಚಿಕ್ಕ ಕಲಮೊಂದನ್ನೂ ಕಾಯಿದೆಗೆ ಸೇರಿಸಿತು. ಈ ಕಾಯಿದೆಯ ಕೆಳಗೆ ಆದ ಡಿಕ್ರಿ, ಆಜ್ಞೆಗಳನ್ನೆಲ್ಲ ಸಾಮಾನ್ಯ ಸಿವಿಲ್ ಡಿಕ್ರಿಗಳನ್ನು ಜಾರಿ ಮಾಡುವಂತೆಯೇ ಜಾರಿ ಮಾಡತಕ್ಕದ್ದು ಎಂಬುದು ಅದರ ಸಾರ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ 18ನೆಯ ಕಲಮು ಇದೇ ಮಾತನ್ನು ಆ ನ್ಯಾಯಾಲಯಗಳಿಗೂ ಅನ್ವಯಿಸಿತು. ವಿಶೇಷ ವಿವಾಹ ಕಾಯಿದೆಯಂತೆ ಮದುವೆಯಾದವರಿಗೆ 39-ಎ ಕಲಮು, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯಿದೆಯ 55ನೆಯ ಕಲಮು ಇದೇ ಕೆಲಸ ಮಾಡುತ್ತವೆ. ಸಾಲದ ಡಿಕ್ರಿಗೆ ಇರುವ ಹಲ್ಲು ವಿಚ್ಛೇದನದ ಡಿಕ್ರಿಗೂ ಉಂಟು ಎಂಬುದು ಇವೆಲ್ಲದರ ತಾತ್ಪರ್ಯ. ಇದನ್ನರಿಯದೆ ಎಷ್ಟೋ ಮಂದಿ ಡಿಕ್ರಿಯನ್ನು ಟ್ರಂಕಿನಲ್ಲಿ ಮಲಗಿಸುತ್ತಾರೆ.

ಅಮಲ್ಜಾರಿ ಎಂಬ ಬಾಗಿಲು

ಡಿಕ್ರಿಯನ್ನು ಕಾರ್ಯರೂಪಕ್ಕೆ ತರುವುದಕ್ಕೆ ಕಚೇರಿಯ ಮಾತಿನಲ್ಲಿ ಅಮಲ್ಜಾರಿ ಎಂದು ಹೆಸರು. ಅಮಲ್ಜಾರಿಯ ಅರ್ಜಿಯನ್ನು ಡಿಕ್ರಿ ಕೊಟ್ಟ ಕೋರ್ಟಿಗೇ ಹಾಕಬೇಕು. ಹಣ ಕೊಡಬೇಕಾದವನಾಗಲಿ ಅವನ ಆಸ್ತಿಯಾಗಲಿ ಆ ಕೋರ್ಟಿನ ಸರಹದ್ದಿನೊಳಗೆ ಇಲ್ಲದಿದ್ದರೆ, ಡಿಕ್ರಿಯನ್ನು ಅವನಿರುವ ಊರಿನ ಕೋರ್ಟಿಗೆ ವರ್ಗಾಯಿಸಿಕೊಳ್ಳಬೇಕು. ನಮ್ಮ ಹೆಣ್ಣುಮಗಳ ಮಾಜಿ ಪತಿ ಬೆಂಗಳೂರಿಗೆ ಹೋದ ಮಾತ್ರಕ್ಕೆ ಡಿಕ್ರಿಯಿಂದ ತಪ್ಪಿಸಿಕೊಂಡಂತಾಗಲಿಲ್ಲ. ಡಿಕ್ರಿಯೂ ಅವನ ಹಿಂದೆಯೇ ಬೆಂಗಳೂರಿನ ಬಸ್ಸು ಹತ್ತಬಲ್ಲುದು.

“ಮೇಲಿನ ಕೋರ್ಟಿಗೆ ಹೋಗಿದ್ದೇನೆ” ಎಂಬ ಆತನ ನೆಪವನ್ನು ವಕೀಲರು ನಗುತ್ತಲೇ ತಳ್ಳಿಹಾಕುತ್ತಾರೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿ ನಿಂತುಹೋಗುವುದಿಲ್ಲ. ಮೇಲಿನ ಕೋರ್ಟು ತಡೆಯಾಜ್ಞೆ ಕೊಟ್ಟಿದ್ದರೆ ಮಾತ್ರ ಅದು ನಿಲ್ಲುತ್ತದೆ. “ತಡೆಯಾಜ್ಞೆಯ ನಕಲು ತೋರಿಸಪ್ಪ” ಎಂದು ಕೇಳುವುದೇ ಆ ನೆಪಕ್ಕೆ ಸರಿಯಾದ ಉತ್ತರ.

ಅಮಲ್ಜಾರಿ ಮಾಡುವ ಕೋರ್ಟು ಡಿಕ್ರಿಯ ಹಿಂದಕ್ಕೆ ಹೋಗಿ, ಅದು ಸರಿಯೋ ತಪ್ಪೋ ಎಂದು ವಿಚಾರಿಸುವಂತಿಲ್ಲ. ಹಳೆಯ ಸಂಸಾರದ ಜಗಳಗಳನ್ನು ಅಲ್ಲಿ ಮತ್ತೆ ಬಿಚ್ಚುವುದಕ್ಕೆ ಆಸ್ಪದವಿಲ್ಲ. ಡಿಕ್ರಿಯಲ್ಲಿ ಬರೆದಿರುವುದು ನಡೆದಿದೆಯೆ, ಇಲ್ಲವೆ ಎಂಬುದೇ ಅಲ್ಲಿನ ಪ್ರಶ್ನೆ. ಅಮಲ್ಜಾರಿಯ ಅರ್ಜಿಯನ್ನು ಆರು ತಿಂಗಳೊಳಗೆ ಮುಗಿಸಬೇಕು, ಮುಗಿಸಲಾಗದಿದ್ದರೆ ಕಾರಣ ಬರೆದಿಡಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2021ರ ಏಪ್ರಿಲಿನಲ್ಲಿ ಆದೇಶಿಸಿದೆ. ಹಣ ಕೊಡುವ ಡಿಕ್ರಿಗೆ ವಾಯಿದೆ ಹನ್ನೆರಡು ವರ್ಷ. ತಿಂಗಳು ತಿಂಗಳೂ ಕೊಡಬೇಕಾದ ಹಣವಾದರೆ, ಯಾವ ತಿಂಗಳ ಹಣ ತಪ್ಪಿತೋ ಆ ತಿಂಗಳಿನಿಂದ ಹನ್ನೆರಡು ವರ್ಷವೆಂದು ಲೆಕ್ಕ. ಹದಿನಾಲ್ಕು ತಿಂಗಳ ಮೌನದಿಂದ ನಮ್ಮ ಹೆಣ್ಣುಮಗಳು ಈ ಬಾಗಿಲಿನಲ್ಲಿ ಏನನ್ನೂ ಕಳೆದುಕೊಂಡಿಲ್ಲ.

ಸಂಬಳದ ಮೇಲೆ ಕೈ

ತಪ್ಪಿಸಿಕೊಳ್ಳುವವನು ನೌಕರನಾಗಿದ್ದರೆ ಎಲ್ಲಕ್ಕಿಂತ ಸುಲಭವಾದ ಉಪಾಯ ಸಂಬಳದ ಜಪ್ತಿ. ಕೋರ್ಟಿನ ಆಜ್ಞೆ ನೇರವಾಗಿ ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ ಹೋಗುತ್ತದೆ. ಹಣ ಆತನ ಕೈ ಸೇರುವ ಮೊದಲೇ ಕೋರ್ಟಿಗೆ ಬರುತ್ತದೆ. ಇಲ್ಲಿ ಜೀವನಾಂಶದ ಡಿಕ್ರಿಗೆ ಕಾನೂನು ವಿಶೇಷ ಮನ್ನಣೆ ಕೊಟ್ಟಿದೆ. ಸಾಮಾನ್ಯ ಸಾಲದ ಡಿಕ್ರಿಯಾದರೆ ಸಂಬಳದ ಮೊದಲ ಸಾವಿರ ರೂಪಾಯಿಯನ್ನೂ ಉಳಿದುದರ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಯಾದರೆ ಈ ಲೆಕ್ಕ ತಲೆಕೆಳಗಾಗುತ್ತದೆ: ನೌಕರನಿಗೆ ಬಿಡಬೇಕಾದುದು ಮೂರರಲ್ಲಿ ಒಂದು ಪಾಲು ಮಾತ್ರ. ಜಪ್ತಿಯ ಲೆಕ್ಕಕ್ಕೆ ಬರುವ ಸಂಬಳ 45,000 ರೂಪಾಯಿ ಇದ್ದರೆ, 15,000 ಬಿಟ್ಟು 30,000ದವರೆಗೆ ಜಪ್ತಿ ಮಾಡಬಹುದು. ಅಂಗಡಿಯವನಿಗೆ ಕೊಡಬೇಕಾದ ಸಾಲಕ್ಕೂ ಹೆಂಡತಿ ಮಕ್ಕಳ ಅನ್ನಕ್ಕೂ ಇರುವ ಅಂತರವನ್ನು ಕಾನೂನು ಇಲ್ಲಿ ಅಂಕಿಗಳಲ್ಲಿಯೇ ಬರೆದಿಟ್ಟಿದೆ.

ಸಂಬಳವಿಲ್ಲದವನಾದರೆ ಅವನ ಬ್ಯಾಂಕಿನ ಠೇವಣಿ, ವಾಹನ, ನಿವೇಶನ, ಬಾಡಿಗೆ ಬರುವ ಮಳಿಗೆ ಇವುಗಳ ಮೇಲೆ ಜಪ್ತಿ ನಡೆಯಬಹುದು. ಜಪ್ತಿಯಾದ ಮೇಲೆ ಆತ ಅದನ್ನು ಯಾರಿಗೆ ಮಾರಿದರೂ ಡಿಕ್ರೀದಾರಳ ಹಕ್ಕಿನೆದುರು ಆ ಮಾರಾಟ ನಿಲ್ಲದು. “ನನ್ನ ಬಳಿ ಏನೂ ಇಲ್ಲ” ಎನ್ನುವವನಿಂದ ಅವನ ಆಸ್ತಿಪಾಸ್ತಿಗಳ ವಿವರವನ್ನು ಪ್ರಮಾಣಪತ್ರದ ಮೂಲಕ ಕೇಳಿ ಪಡೆಯಲೂ ಅವಕಾಶವುಂಟು. ಆ ಪ್ರಮಾಣಪತ್ರ ಕೊಡಬೇಕೆಂಬ ಆಜ್ಞೆಯನ್ನು ಧಿಕ್ಕರಿಸಿದರೆ ಅದಕ್ಕೇ ಮೂರು ತಿಂಗಳವರೆಗೆ ಸಿವಿಲ್ ಸೆರೆಯಾಗಬಹುದು.

ಸೆರೆಮನೆ ಮತ್ತು ಊಟದ ಖರ್ಚು

ಸೆರೆಮನೆಯ ಮಾತು ಬಂದಾಗ ಜನರ ಕಿವಿ ನಿಮಿರುವುದು ಸಹಜ. ಹಣದ ಡಿಕ್ರಿಗಾಗಿ ಒಬ್ಬನನ್ನು ಸಿವಿಲ್ ಸೆರೆಗೆ ಕಳುಹಿಸಬಹುದು, ನಿಜ. ಬಾಕಿ 5,000 ರೂಪಾಯಿ ಮೀರಿದ್ದರೆ ಮೂರು ತಿಂಗಳವರೆಗೆ, 2,000ದಿಂದ 5,000ದವರೆಗಾದರೆ ಆರು ವಾರದವರೆಗೆ. ಆದರೆ ಅವನಿಗೆ ಮೊದಲು ತನ್ನ ಮಾತು ಹೇಳಿಕೊಳ್ಳಲು ಅವಕಾಶ ಕೊಡಬೇಕು. ಕೈಯಲ್ಲಿ ಶಕ್ತಿಯಿದ್ದೂ ಕೊಡುತ್ತಿಲ್ಲ, ಅಥವಾ ಆಸ್ತಿಯನ್ನು ಅಡಗಿಸುತ್ತಿದ್ದಾನೆ, ಇಲ್ಲವೆ ಊರು ಬಿಟ್ಟು ಓಡುವವನಿದ್ದಾನೆ ಎಂಬಂಥ ಕಾರಣ ಕೋರ್ಟಿಗೆ ಮನದಟ್ಟಾಗಬೇಕು. ಬರಿಯ ಬಡತನಕ್ಕಾಗಿ ಯಾರನ್ನೂ ಸೆರೆಗೆ ತಳ್ಳಲಾಗದೆಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಸರ್ವೋಚ್ಚ ನ್ಯಾಯಾಲಯದಲ್ಲಿ 1980ರಲ್ಲಿ ಕೊಟ್ಟ ತೀರ್ಪು ಇಂದಿಗೂ ದಾರಿದೀಪ. ಹಣದ ಡಿಕ್ರಿಗಾಗಿ ಹೆಂಗಸನ್ನು ದಸ್ತಗಿರಿ ಮಾಡುವುದನ್ನು ಕಾನೂನು ಸಂಪೂರ್ಣವಾಗಿ ನಿಷೇಧಿಸಿದೆ.

ಇಲ್ಲಿ ಒಂದು ವಿಚಿತ್ರವೂ ಇದೆ. ಸಿವಿಲ್ ಸೆರೆಯಲ್ಲಿರುವವನ ಊಟದ ಖರ್ಚನ್ನು ಅವನನ್ನು ಸೆರೆಗೆ ಕಳುಹಿಸಿದ ಡಿಕ್ರೀದಾರಳೇ ಮುಂಗಡವಾಗಿ ಕಟ್ಟಬೇಕು. ತನಗೆ ಅನ್ನ ಹಾಕದವನಿಗೆ ತಾನೇ ಅನ್ನ ಹಾಕುವಂತಾಯಿತಲ್ಲ ಎಂದು ಇದನ್ನು ಕೇಳಿದ ಹೆಂಗಸರು ಹುಬ್ಬೇರಿಸುತ್ತಾರೆ. ಆ ಖರ್ಚು ಆಮೇಲೆ ವ್ಯಾಜ್ಯದ ಖರ್ಚಿಗೆ ಸೇರಿ ಅವನಿಂದಲೇ ಬರತಕ್ಕದ್ದು ಎಂಬುದು ಸಮಾಧಾನ. ಸೆರೆಯಿಂದ ಬಿಡುಗಡೆಯಾದ ಮಾತ್ರಕ್ಕೆ ಸಾಲ ತೀರಿದಂತೆಯೂ ಅಲ್ಲ.

ಮ್ಯಾಜಿಸ್ಟ್ರೇಟರ ಆಜ್ಞೆ: ಒಂದು ವರ್ಷದ ಗಡುವು

ಜೀವನಾಂಶಕ್ಕೆ ಇನ್ನೊಂದು ಬಾಗಿಲೂ ಉಂಟು. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಕಲಮು ಹೆಂಡತಿಗೆ ಜೀವನಾಂಶ ಕೊಡಿಸುತ್ತಿದ್ದರೂ ವಿಚ್ಛೇದನವಾದವಳಿಗೆ ಅಲ್ಲಿ ಸ್ಥಾನವಿರಲಿಲ್ಲ. 1973ರ ಸಂಹಿತೆಯ 125ನೆಯ ಕಲಮು, ಮರುಮದುವೆಯಾಗದ ವಿಚ್ಛೇದಿತೆಯೂ ಈ ಮಟ್ಟಿಗೆ ಹೆಂಡತಿಯೇ ಎಂದು ಸಾರಿತು. ತಿಂಗಳಿಗೆ 500 ರೂಪಾಯಿ ಎಂದಿದ್ದ ಮಿತಿ 2001ರಲ್ಲಿ ಹೋಯಿತು. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 125ನೆಯ ಕಲಮು ಅಲ್ಲಿ 144 ಆಗಿದೆ. ವಿಚ್ಛೇದಿತರಾದ ಮುಸ್ಲಿಂ ಮಹಿಳೆಯರಿಗೂ 125ನೆಯ ಕಲಮಿನ ಬಾಗಿಲು ತೆರೆದಿದೆ ಎಂದು ಸರ್ವೋಚ್ಚ ನ್ಯಾಯಾಲಯ 2024ರ ಜುಲೈನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಕೌಟುಂಬಿಕ ನ್ಯಾಯಾಲಯವಿರುವ ಊರುಗಳಲ್ಲಿ ಮ್ಯಾಜಿಸ್ಟ್ರೇಟರ ಈ ಅಧಿಕಾರವನ್ನು ಆ ನ್ಯಾಯಾಲಯವೇ ನಡೆಸುತ್ತದೆ.

ಈ ಕಲಮಿನ ಕೆಳಗೆ ಆಜ್ಞೆ ಪಡೆದವಳು ಹಣ ಬಾರದಿದ್ದಾಗ ವಾರಂಟಿಗೆ ಅರ್ಜಿ ಕೊಡಬಹುದು. ಬಾಕಿಯನ್ನು ದಂಡದಂತೆ ವಸೂಲು ಮಾಡುತ್ತಾರೆ. ಆಮೇಲೂ ಉಳಿದ ಪ್ರತಿಯೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆಯಾಗಬಹುದು. ಸೆರೆಗೆ ಹೋಗಿ ಬಂದೆನಾದ್ದರಿಂದ ಬಾಕಿ ತೀರಿತು ಎನ್ನುವಂತಿಲ್ಲ. ಸೆರೆ ವಸೂಲಿಯ ಸಾಧನವೇ ಹೊರತು ಹಣಕ್ಕೆ ಬದಲಲ್ಲ ಎಂದು 1989ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ.

ಆದರೆ ಈ ಬಾಗಿಲಿಗೆ ಗಡಿಯಾರವೊಂದು ತೂಗುತ್ತಿದೆ. ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ವಾರಂಟಿನ ಅರ್ಜಿ ಬರಬೇಕು. ನಮ್ಮ ಹೆಣ್ಣುಮಗಳ ಆಜ್ಞೆ ಈ ಕಲಮಿನ ಕೆಳಗಿನದಾಗಿದ್ದರೆ ಹದಿನಾಲ್ಕು ತಿಂಗಳಲ್ಲಿ ಮೊದಲಿನ ಬಾಕಿಗಳು ವಾರಂಟಿನ ಕೈಗೆ ಸಿಗದಷ್ಟು ಹಿಂದೆ ಬಿದ್ದಿರುತ್ತಿದ್ದವು. ಅವುಗಳ ಮೇಲಿನ ಹಕ್ಕೇ ಸತ್ತುಹೋಗುವುದಿಲ್ಲ, ಸಿವಿಲ್ ಮಾರ್ಗ ಉಳಿಯುತ್ತದೆ ಎಂದು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವುದು ನಿಜ. ಆದರೂ ಹರಿತವಾದ ಆಯುಧವನ್ನು ತುಕ್ಕು ಹಿಡಿಸಿದಂತಾಗುತ್ತದೆ. “ಇಂದು ಕೊಟ್ಟಾನು, ನಾಳೆ ಕೊಟ್ಟಾನು” ಎಂದು ಕಾಯುವ ಒಳ್ಳೆಯತನವೇ ಇಲ್ಲಿ ಹೆಂಗಸಿಗೆ ಮುಳುವಾಗುತ್ತದೆ.

ಒಡವೆಯ ಮಾತು

ಡಿಕ್ರಿಯಲ್ಲಿ ಹೆಸರಿಸಿದ ಒಡವೆ, ಪಾತ್ರೆ ಪದಾರ್ಥಗಳನ್ನು ಕೊಡದಿದ್ದರೆ ಕೋರ್ಟು ಅವುಗಳನ್ನೇ ವಶಪಡಿಸಿಕೊಂಡು ಕೊಡಿಸಬಹುದು. ಇಲ್ಲದಿದ್ದರೆ ಅವನ ಆಸ್ತಿಯ ಜಪ್ತಿ, ಸೆರೆ ಇವುಗಳ ಮೂಲಕ ಒತ್ತಾಯ ತರಬಹುದು. ಅದಕ್ಕಾಗಿಯೇ ಡಿಕ್ರಿಯಲ್ಲಿ “ಒಡವೆಗಳು” ಎಂದು ಒಂದೇ ಮಾತಿನಲ್ಲಿ ಮುಗಿಸದೆ, ಎರಡೆಳೆ ಸರ ಇಷ್ಟು ಗ್ರಾಂ, ಬಳೆ ಇಷ್ಟು ಜೊತೆ ಎಂದು ಪಟ್ಟಿ ಬರೆಸಬೇಕೆಂದು ಅನುಭವಿಗಳು ಹೇಳುತ್ತಾರೆ. ಸ್ತ್ರೀಧನ ಹೆಂಗಸಿನ ಸ್ವಂತ ಸೊತ್ತು. ಗಂಡನ ಮನೆಯಲ್ಲಿ ಇಟ್ಟ ಮಾತ್ರಕ್ಕೆ ಅದು ಅವರದಾಗದು. ಅದನ್ನು ನುಂಗಿಹಾಕುವುದು ನಂಬಿಕೆದ್ರೋಹದ ಅಪರಾಧವಾಗಬಹುದು ಎಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಸಾರಿದೆ.

ಮನೆಯನ್ನೋ ನಿವೇಶನವನ್ನೋ ಬರೆದುಕೊಡಬೇಕೆಂದು ಡಿಕ್ರಿಯಾಗಿದ್ದು, ಆತ ಉಪನೋಂದಣಾಧಿಕಾರಿಗಳ ಕಚೇರಿಗೆ ಬರದೆ ದಿನ ದೂಡುತ್ತಿದ್ದರೆ, ಅವನ ಪರವಾಗಿ ಕೋರ್ಟೇ ಪತ್ರಕ್ಕೆ ರುಜು ಹಾಕಿಸಬಹುದು. ಜೀವನಾಂಶದ ಭದ್ರತೆಗಾಗಿ ಅವನ ಸ್ಥಿರಾಸ್ತಿಯ ಮೇಲೆ ಹೊರೆ ಹಾಕುವ ಅಧಿಕಾರವನ್ನೂ ಹಿಂದೂ ವಿವಾಹ ಕಾಯಿದೆಯ 25ನೆಯ ಕಲಮು ಕೋರ್ಟಿಗೆ ಕೊಟ್ಟಿದೆ.

ಮಗು ಯಾರ ಒತ್ತೆಯಾಳೂ ಅಲ್ಲ

ಇಷ್ಟನ್ನು ಕೇಳಿ ಧೈರ್ಯಗೊಂಡ ಹೆಣ್ಣುಮಗಳಿಗೆ ವಕೀಲರು ಕೊನೆಗೆ ಒಂದು ಕಹಿ ಗುಳಿಗೆಯನ್ನೂ ಕೊಡುತ್ತಾರೆ: “ಭಾನುವಾರದ ಭೇಟಿ ನಿಲ್ಲಿಸಿದ್ದೀರಲ್ಲ ತಾಯಿ, ಅಲ್ಲಿ ಡಿಕ್ರಿ ಮುರಿದವರು ನೀವು.”

ಹಣ ಬರಲಿಲ್ಲವೆಂದು ಮಗುವನ್ನು ತೋರಿಸದಿರುವುದು, ಮಗುವನ್ನು ತೋರಿಸಲಿಲ್ಲವೆಂದು ಹಣ ನಿಲ್ಲಿಸುವುದು, ಇವೆರಡೂ ನಮ್ಮಲ್ಲಿ ದಿನನಿತ್ಯದ ಮಾತು. ಕಾನೂನಿನ ಕಣ್ಣಿನಲ್ಲಿ ಎರಡೂ ತಪ್ಪು. ಜೀವನಾಂಶ ಒಂದು ಕರ್ತವ್ಯ, ಭೇಟಿ ಇನ್ನೊಂದು. ಒಂದಕ್ಕೊಂದು ವಜಾ ಹಾಕಿಕೊಳ್ಳುವ ಲೆಕ್ಕವಲ್ಲ ಅದು. ಭೇಟಿ ತಂದೆಯ ಹಕ್ಕು ಮಾತ್ರವೂ ಅಲ್ಲ. ತಂದೆತಾಯಿಗಳಿಬ್ಬರ ಪ್ರೀತಿಯನ್ನೂ ಪಡೆಯುವುದು ಮಗುವಿನ ಹಕ್ಕು. ದೂರದಲ್ಲಿರುವವರಿಗೆ ಫೋನಿನ ಮೂಲಕ, ವಿಡಿಯೋ ಕರೆಯ ಮೂಲಕ ಮಾತನಾಡುವ ಅವಕಾಶವಾದರೂ ಇರಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2020ರ ಜನವರಿಯಲ್ಲಿ ಹೇಳಿತು.

ಭೇಟಿಗೆ ಅಡ್ಡಿಯಾದರೆ ತಂದೆಯೂ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಬಹುದು. ತಂದೆಯೇ ಮಗುವನ್ನು ಕರೆದೊಯ್ದು ಹಿಂದಕ್ಕೆ ಕಳುಹಿಸದಿದ್ದರೆ, 1890ರ ಪಾಲಕರ ಕಾಯಿದೆಯ 25ನೆಯ ಕಲಮು ಮಗುವನ್ನು ಹಿಂದಕ್ಕೆ ತರಿಸುವ ದಾರಿ ತೋರುತ್ತದೆ. ಪರಿಸ್ಥಿತಿ ಬಿಗಡಾಯಿಸಿದಾಗ ಬೆಂಗಳೂರು, ಧಾರವಾಡ, ಕಲಬುರಗಿಗಳಲ್ಲಿ ಪೀಠಗಳಿರುವ ಉಚ್ಚ ನ್ಯಾಯಾಲಯಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿಯೊಡನೆ ಹೋಗಲೂ ಸಾಧ್ಯ. ಯಾವ ದಾರಿಯಲ್ಲಿ ಹೋದರೂ ಕೊನೆಗೆ ತಕ್ಕಡಿಯಲ್ಲಿ ತೂಗುವುದು ಮಗುವಿನ ಹಿತ ಒಂದೇ. ಡಿಕ್ರಿಯನ್ನು ಮತ್ತೆ ಮತ್ತೆ ಮುರಿಯುವವರ ಕೈಯಿಂದ ಮಗುವಿನ ಸುಪರ್ದು ತಪ್ಪಿಹೋಗುವ ಸಂಭವವೂ ಉಂಟು.

ಕೊಡುವವನ ಎಚ್ಚರ

ಡಿಕ್ರಿ ಮುರಿಯುವವರೆಲ್ಲರೂ ದುಷ್ಟರೇ ಎಂದಲ್ಲ. ಕೆಲಸ ಹೋದವರು, ಕಾಯಿಲೆ ಬಿದ್ದವರು ಇದ್ದಾರೆ. ಹಿಂದೂ ವಿವಾಹ ಕಾಯಿದೆಯಂತೆ ಗಂಡನೂ ಹೆಂಡತಿಯಿಂದ ಜೀವನಾಂಶ ಕೇಳಬಹುದಾದ್ದರಿಂದ ಕೊಡಬೇಕಾದವರು ಹೆಂಗಸರೂ ಆಗಿರಬಹುದು. ಪರಿಸ್ಥಿತಿ ಬದಲಾದರೆ ಡಿಕ್ರಿಯನ್ನು ಬದಲಾಯಿಸಿಕೊಡಿ ಎಂದು ಕೋರ್ಟನ್ನು ಕೇಳುವ ಅವಕಾಶ 25ನೆಯ ಕಲಮಿನಲ್ಲಿಯೇ ಇದೆ. ಬೆಲೆಯೇರಿ ಹಣ ಸಾಲದಾದಾಗ ಹೆಚ್ಚಿಸಿಕೊಡಿ ಎಂದು ಕೇಳುವ ಅವಕಾಶವೂ ಅಲ್ಲಿಯೇ ಇದೆ. ಡಿಕ್ರಿಯಲ್ಲಿ ಜೀವನಾಂಶದ ಮಾತೇ ಇರದಿದ್ದರೂ ಆಮೇಲೆ ಅರ್ಜಿ ಕೊಡಬಹುದು. ತನ್ನಷ್ಟಕ್ಕೆ ತಾನೇ ಅರ್ಧ ಕೊಟ್ಟು ಅರ್ಧ ಇಟ್ಟುಕೊಳ್ಳುವುದಕ್ಕೆ ಮಾತ್ರ ಅವಕಾಶವಿಲ್ಲ.

ಕೊಡುವವರು ಮರೆಯುವ ನಿಯಮ ಇನ್ನೊಂದುಂಟು. ಕೋರ್ಟಿನ ಹೊರಗೆ ಕೊಟ್ಟ ಹಣವನ್ನು ಕೋರ್ಟಿನಲ್ಲಿ ದಾಖಲು ಮಾಡಿಸದಿದ್ದರೆ ಅಮಲ್ಜಾರಿಯ ಕೋರ್ಟು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಾತ್ರೆಯಲ್ಲಿ ಮಗನ ಕೈಗೆ ಕೊಟ್ಟ ನೋಟು, ಭಾವಮೈದುನನ ಮೂಲಕ ಕಳುಹಿಸಿದ ಲಕೋಟೆ ಇವುಗಳಿಗೆ ಸಾಕ್ಷಿ ಹೇಳುವವರಾರು? ಕೋರ್ಟಿನಲ್ಲಿ ಕಟ್ಟುವುದು, ಬ್ಯಾಂಕಿನ ಮೂಲಕ ಕಳುಹಿಸುವುದು, ಮನಿಯಾರ್ಡರು ಮಾಡುವುದು, ಇವೇ ಕ್ಷೇಮ. ಪ್ರಾಮಾಣಿಕನಾದವನೂ ರಶೀದಿಯಿಲ್ಲದೆ ಎರಡು ಸಲ ಹಣ ಕಟ್ಟುವ ಪಾಡಿಗೆ ಬರಬಹುದು.

ನ್ಯಾಯಾಂಗ ನಿಂದನೆ

“ಕೋರ್ಟಿನ ಮಾತು ಕೇಳದವನ ಮೇಲೆ ನ್ಯಾಯಾಂಗ ನಿಂದನೆಯ ಕೇಸು ಹಾಕಿ” ಎಂಬುದು ಕಟ್ಟೆಯ ಮೇಲಿನವರೆಲ್ಲರ ಸಲಹೆ. 1971ರ ಕಾಯಿದೆಯಂತೆ ಕೋರ್ಟಿನ ಆಜ್ಞೆಯನ್ನು ಬೇಕೆಂದೇ ಮೀರುವುದೂ ಕೋರ್ಟಿಗೆ ಕೊಟ್ಟ ಮುಚ್ಚಳಿಕೆಯನ್ನು ಬೇಕೆಂದೇ ಮುರಿಯುವುದೂ ನಿಂದನೆಯೇ. ಶಿಕ್ಷೆ ಆರು ತಿಂಗಳವರೆಗೆ ಸಾದಾ ಸೆರೆ, 2,000 ರೂಪಾಯಿವರೆಗೆ ಜುಲ್ಮಾನೆ. ಕೆಳಗಿನ ಕೋರ್ಟಿನ ಆಜ್ಞೆಯ ಉಲ್ಲಂಘನೆಗೆ ಶಿಕ್ಷಿಸುವ ಅಧಿಕಾರ ಉಚ್ಚ ನ್ಯಾಯಾಲಯದ್ದು; ಕ್ರಮ ಒಂದು ವರ್ಷದೊಳಗೆ ಆರಂಭವಾಗಬೇಕು. ಆದರೆ ನಿಂದನೆಯ ಉದ್ದೇಶ ನ್ಯಾಯಾಲಯದ ಗೌರವವನ್ನು ಕಾಯುವುದು, ಬಾಕಿ ವಸೂಲಿಯಲ್ಲ. ಹಣ ಬೇಕಾದವಳಿಗೆ ಅಮಲ್ಜಾರಿಯೇ ಹೆದ್ದಾರಿ. ಒಪ್ಪಿಗೆಯ ವಿಚ್ಛೇದನದಲ್ಲಿ ರಾಜಿಪತ್ರ ಬರೆಯುವಾಗ ಮುಖ್ಯವಾದ ಷರತ್ತುಗಳನ್ನು ಕೋರ್ಟಿಗೆ ಕೊಟ್ಟ ಮುಚ್ಚಳಿಕೆಯ ರೂಪದಲ್ಲಿ ಬರೆಸಿದರೆ ಮುಂದೆ ಕೈ ಬಲವಾಗುತ್ತದೆ.

ಕಡಲಾಚೆಯ ಡಿಕ್ರಿ

ಮಕ್ಕಳನ್ನು ವಿದೇಶಗಳಿಗೆ ಮದುವೆ ಮಾಡಿಕೊಟ್ಟ ಮನೆಗಳು ಇಂದು ಕನ್ನಡ ನಾಡಿನ ಊರೂರಲ್ಲಿವೆ. ಬ್ರಿಟನ್, ಸಿಂಗಪುರ, 2020ರಿಂದ ಸಂಯುಕ್ತ ಅರಬ್ ಸಂಸ್ಥಾನ ಮುಂತಾದ ಕೆಲವು ದೇಶಗಳ ಗೊತ್ತುಪಡಿಸಿದ ನ್ಯಾಯಾಲಯಗಳು ಕೊಟ್ಟ ಹಣದ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ನೇರವಾಗಿ ಅಮಲ್ಜಾರಿಗೆ ತರಬಹುದು. ಅಮೆರಿಕ ಆ ಪಟ್ಟಿಯಲ್ಲಿಲ್ಲ. ಅಲ್ಲಿನ ತೀರ್ಪನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ಹೊಸದಾಗಿ ದಾವೆ ಹೂಡಬೇಕು, ಅದಕ್ಕೆ ವಾಯಿದೆ ಮೂರೇ ವರ್ಷ. ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಯ್ದಾಗ ಹಿಂದಿರುಗಿಸುವ ಬಗ್ಗೆ 1980ರಲ್ಲಿ ಹೇಗ್ ನಗರದಲ್ಲಾದ ಒಪ್ಪಂದಕ್ಕೆ ಭಾರತ ಸೇರಿಲ್ಲ. ಆದ್ದರಿಂದ ಪರದೇಶದ ಆಜ್ಞೆಯನ್ನು ಇಲ್ಲಿನ ಕೋರ್ಟುಗಳು ಗೌರವದಿಂದ ಪರಿಶೀಲಿಸಿದರೂ ಕೊನೆಯ ಮಾತನ್ನು ಮಗುವಿನ ಹಿತಕ್ಕೇ ಬಿಡುತ್ತವೆ.

ಟ್ರಂಕಿನಿಂದ ಹೊರಗೆ

ಇಷ್ಟೆಲ್ಲಕ್ಕೂ ಹಣವೆಲ್ಲಿಂದ ಎಂದು ಹೆಣ್ಣುಮಗಳ ತಂದೆ ಕೇಳುವುದು ಸಹಜವೇ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೆ, ಮಕ್ಕಳಿಗೆ ಆದಾಯವೆಷ್ಟೇ ಇರಲಿ, ವಕೀಲರ ನೆರವು ಉಚಿತ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಆ ಪ್ರಾಧಿಕಾರದ ಕಚೇರಿಯನ್ನು ವಿಚಾರಿಸಬಹುದು. 15100 ಎಂಬ ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು. ತೆಗೆದುಕೊಂಡು ಹೋಗಬೇಕಾದ್ದು ಹೆಚ್ಚೇನೂ ಇಲ್ಲ: ಡಿಕ್ರಿಯ ದೃಢೀಕೃತ ನಕಲು, ಬಂದ ಹಣದ, ಬಾರದ ಹಣದ ತಿಂಗಳುವಾರು ಪಟ್ಟಿ, ಬ್ಯಾಂಕಿನ ಪುಸ್ತಕ, ಆತನ ಈಗಿನ ವಿಳಾಸ, ಕೆಲಸದ ಸ್ಥಳ, ತಿಳಿದಿರುವ ಆಸ್ತಿಯ ವಿವರ.

ಜಗಲಿಯಿಂದ ಏಳುವಾಗ ಹೆಣ್ಣುಮಗಳು ಕೇಳುತ್ತಾಳೆ: “ಹಣ ಬಂದೇ ಬರುತ್ತದೆಯೆ ಸ್ವಾಮಿ?”

ವಕೀಲರು ಸುಳ್ಳು ಭರವಸೆ ಕೊಡುವವರಲ್ಲ. “ಸಂಬಳದ ಕಚೇರಿಗೆ ಆಜ್ಞೆ ಹೋಗುವವರೆಗೆ ಕೆಲವು ತಿಂಗಳು ಹಿಡಿಯಬಹುದು. ನಡುವೆ ಎರಡು ಮೂರು ವಾಯಿದೆ ಕೇಳಿಯಾನು. ಆದರೆ ನೀವು ಕೇಳದಿದ್ದರೆ ಬರುವುದಿಲ್ಲ ಎಂಬುದು ಮಾತ್ರ ಖಂಡಿತ. ಅಲ್ಲಿಯವರೆಗೆ, ಈ ಭಾನುವಾರದಿಂದಲೇ ಮಗುವನ್ನು ತಂದೆಗೆ ತೋರಿಸಿ. ಕೋರ್ಟಿಗೆ ಹೋಗುವವರ ಕೈ ಶುದ್ಧವಾಗಿರಬೇಕು.”

ಅಂದಿನ ಸಂಜೆ ಟ್ರಂಕಿನ ತಳದಿಂದ ಡಿಕ್ರಿಯ ಕಾಗದ ಮೇಲೆ ಬಂದಿತೆಂದು ಭಾವಿಸಬಹುದು. ಸೀರೆಗಳ ಮಡಿಕೆಯಲ್ಲಿ ಬಿದ್ದು ಅದರ ಅಂಚು ಹಳದಿಯಾಗಿತ್ತು. ಮುದ್ರೆ ಮಾತ್ರ ಮಾಸಿರಲಿಲ್ಲ. ಆಕೆ ಮಗನ ಹಳೆಯ ಲೆಕ್ಕದ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಯನ್ನು ತೆಗೆದು, ಬಾರದ ತಿಂಗಳುಗಳ ಹೆಸರನ್ನು ಒಂದರ ಕೆಳಗೊಂದು ಬರೆಯತೊಡಗಿದಳು. ಶನಿವಾರ ರಾತ್ರಿ ಮಗನ ಅಂಗಿಗೆ ಇಸ್ತ್ರಿಯಾಯಿತು. ಭಾನುವಾರ ತಂದೆ ಬಂದನೋ ಇಲ್ಲವೋ, ಮಗು ಜಗಲಿಯಲ್ಲಿ ಸಿದ್ಧವಾಗಿ ಕುಳಿತಿತ್ತು. ಸೋಮವಾರ ಬೆಳಿಗ್ಗೆ ಆಕೆ ಕಾಗದಗಳ ಚೀಲವನ್ನು ಹೆಗಲಿಗೇರಿಸಿ ಕೋರ್ಟಿನ ಕಡೆಗೆ ಹೊರಟಳು.